ರಫೂ ಅಕ್ಕನ ಟ್ಯೂಬು

ಡ್ರೈಕ್ಲೀನಿಂಗ್ ಅಂಗಡಿಯ ಹಿಂದಿನ ಕೋಣೆಯಲ್ಲಿ, ಎಡಗಡೆಯ ಕಿಟಕಿಯಿಂದ ಬೆಳಕು ಬೀಳುವಂತೆ ಮೇಜು ಹಾಕಿಕೊಂಡು ಕೂರುವ ಹೆಂಗಸನ್ನು ಅಂಗಡಿಯವರು, ಗಿರಾಕಿಗಳು, ಕೊನೆಗೆ ಅವಳ ಗಂಡ ಕೂಡ ರಫೂ ಅಕ್ಕ ಎಂದೇ ಕರೆಯುತ್ತಾರೆ. ಗಂಡ ಹಾಗೆ ಕರೆಯುವುದು ತಮಾಷೆಗೆ. "ಬೀದಿಗೆಲ್ಲ ಅಕ್ಕ ಆದವಳಿಗೆ ಮನೇಲಿ ಬೇರೆ ಹೆಸರು ಯಾಕೆ?" ಎನ್ನುವುದು ಅವನ ವಾದ.

ರಫೂ ಎಂದರೆ ತೇಪೆಯಲ್ಲ. ತೇಪೆ ಎಷ್ಟು ಚೆನ್ನಾಗಿದ್ದರೂ ತಾನು ತೇಪೆ ಎಂದು ದೂರದಿಂದಲೇ ಸಾರುತ್ತದೆ. ರಫೂ ಮಾಡುವವರು ಅದೇ ಕೋಟಿನ ಒಳಮಡಿಕೆಯಿಂದ, ಯಾರ ಕಣ್ಣೂ ಬೀಳದ ಜಾಗದಿಂದ, ಒಂದೊಂದೇ ಎಳೆ ಬಿಚ್ಚಿಕೊಂಡು, ತೂತು ಇದ್ದಲ್ಲಿ ಆ ಬಟ್ಟೆಯನ್ನೇ ಮತ್ತೆ ನೇಯುತ್ತಾರೆ. ಅಡ್ಡ ಎಳೆ ಯಾವುದರ ಮೇಲೆ ಹಾಯುತ್ತದೆ, ಯಾವುದರ ಕೆಳಗೆ ನುಸುಳುತ್ತದೆ ಎಂಬುದನ್ನು ಮೊದಲು ಓದಿಕೊಳ್ಳಬೇಕು, ಆಮೇಲೆ ಸೂಜಿ. ಈ ಕೆಲಸದಲ್ಲಿ ಕಣ್ಣಿಗಿಂತ ಬೆರಳ ತುದಿ ಮುಖ್ಯ. ಕಪ್ಪು ಬಟ್ಟೆಯ ಮೇಲಿನ ಕಪ್ಪು ಎಳೆ ಕಣ್ಣಿಗೆ ತಪ್ಪಿಸಿಕೊಂಡರೂ ಬೆರಳಿಗೆ ತಪ್ಪಿಸಿಕೊಳ್ಳುವುದಿಲ್ಲ. ಹಾಗಾಗಿ ಕೈಗವಸು ಹಾಕಿಕೊಂಡು ರಫೂ ಮಾಡುವುದು ಆಗದ ಮಾತು. ಬರಿಗೈಯೇ ಬೇಕು, ಮತ್ತು ಆ ಕೈ ಶುದ್ಧವಾಗಿರಬೇಕು. ಮುಂದೆ ನಡೆದ ತಪ್ಪಿಗೆಲ್ಲ ಮೂಲ ಈ ಬರಿಗೈ.

ಅವಳು ಈ ಅಂಗಡಿಗೆ ಬಂದಾಗ ಇನ್ನೂ ಹುಡುಗಿ. ಹಳೆಯ ರಫೂಗಾರ ಕಣ್ಣು ಮಂಜಾಗಿ ಕೆಲಸ ಬಿಡುವ ಹೊತ್ತಿಗೆ ಅವನ ಪಕ್ಕದ ಸ್ಟೂಲಿನ ಮೇಲೆ ಕೂತು ಕಲಿತಳು. ಆಗ ಅವಳ ಮುಖದ ತುಂಬ ಮೊಡವೆ. ಅಂಗಡಿಯ ಯಜಮಾನ್ತಿಗೆ ನಾಲಿಗೆ ಸ್ವಲ್ಪ ಉದ್ದ, ಮನಸ್ಸು ಅದಕ್ಕಿಂತ ದೊಡ್ಡದು. "ಬಟ್ಟೆ ರಿಪೇರಿಗೆ ಕೂತ್ಕೊಳ್ಳೋ ಮೊದಲು ನಿನ್ನ ಮುಖ ರಿಪೇರಿ ಮಾಡಿಸ್ಕೊಂಡು ಬಾರೇ. ಗಿರಾಕಿಗಳು ಹೆದರ್ಕೊಂಡಾರು" ಎಂದು ಗದರಿ, ತಾನೇ ಚರ್ಮದ ಡಾಕ್ಟರ ಹತ್ತಿರ ಕಳಿಸಿದಳು.

ಆ ಡಾಕ್ಟರು ಎರಡು ಟ್ಯೂಬು ಬರೆದುಕೊಟ್ಟರು. ಒಂದು ಬಿಳಿ ಮುಲಾಮು, ಬೆಂಝಾಯಿಲ್ ಪೆರಾಕ್ಸೈಡ್. ಇನ್ನೊಂದು ನೀರಿನಂತೆ ತಿಳಿಯಾದ ಜೆಲ್, ಕ್ಲಿಂಡಾಮೈಸಿನ್ ಎಂಬ ಆಂಟಿಬಯೋಟಿಕ್. "ಎರಡನ್ನೂ ಹಚ್ಚಬೇಕು. ಒಂದು ಬಿಟ್ಟು ಒಂದು ಅಂತ ಮಾಡಬೇಡಿ. ಎರಡು ತಿಂಗಳಾದ ಮೇಲೆ ಬಂದು ತೋರಿಸಿ" ಎಂದರು. ಯಾಕೆ ಎಂದು ಅವರು ಹೇಳಲಿಲ್ಲ, ಅವಳು ಕೇಳಲೂ ಇಲ್ಲ. ಹೊರಗೆ ಬೆಂಚಿನ ತುಂಬ ಜನ ಕಾಯುತ್ತಿದ್ದರು.

ಕೆಲವು ವಾರ ಕಳೆದಿರಬಹುದು. ರಫೂ ಮುಗಿದು ಗೋಡೆಗೆ ನೇತುಹಾಕಿದ್ದ ಒಂದು ಕಪ್ಪು ಕೋಟಿನ ಕಾಲರಿನ ಮೇಲೆ ತಿಳಿ ಕಿತ್ತಳೆ ಬಣ್ಣದ ಮಚ್ಚೆಗಳು ಕಾಣಿಸಿಕೊಂಡವು. ಅಂಚಿನ ಒಂದು ಬದಿಗೆ ಒಂದು ಮಚ್ಚೆ, ಇನ್ನೊಂದು ಬದಿಗೆ ಸಾಲಾಗಿ ನಾಲ್ಕು. ಯಜಮಾನ್ತಿ ನೇರ ಹೋಗಿ ತೊಳೆಯುವ ಯಂತ್ರದವನ ಮೇಲೆ ಹರಿಹಾಯ್ದಳು.

"ಏನು ಸುರಿದೆಯೋ ಇದಕ್ಕೆ? ಯಾವ ಡಬ್ಬಿ ಮಗುಚಿದೆ?"

ಯಂತ್ರದವನು ಕೋಟನ್ನು ಬೆಳಕಿಗೆ ಹಿಡಿದು ನೋಡಿ, "ಯಜಮಾನ್ತೀ, ನನ್ನ ಮಿಷಿನ್ನಿಗೆ ಐದು ಬೆರಳಿದ್ಯಾ?" ಎಂದ.

ಎಲ್ಲರೂ ಕೋಟಿನ ಕಡೆ ನೋಡಿದರು. ಹೆಬ್ಬೆರಳು ಒಂದು ಕಡೆ, ನಾಲ್ಕು ಬೆರಳು ಒಂದು ಕಡೆ. ಕಾಲರನ್ನು ಕೈಯಲ್ಲಿ ಹಿಡಿದ ಗುರುತು ಅದು, ಅನುಮಾನವೇ ಇಲ್ಲ. ರಫೂ ಅಕ್ಕ ತನ್ನ ಬೆರಳುಗಳನ್ನು ನೋಡಿಕೊಂಡಳು. ಮನೆಯಲ್ಲಿ ಅವಳ ನೀಲಿ ದಿಂಬಿನ ಚೀಲದ ಮೇಲೂ ಕೆನ್ನೆ ತಾಗುವಲ್ಲಿ ಇದೇ ಬಣ್ಣದ ಕಲೆ ಬಿದ್ದಿತ್ತು. ನೀರು ಸರಿ ಇಲ್ಲ ಎಂದುಕೊಂಡು ಸುಮ್ಮನಾಗಿದ್ದಳು.

ಅಂದು ಸಂಜೆ ಅವಳು ಒಂದು ಕಪ್ಪು ಚೂರು ಬಟ್ಟೆಯನ್ನು ಮೂರು ಪಾಲು ಮಾಡಿದಳು. ಒಂದಕ್ಕೆ ಬಿಳಿ ಮುಲಾಮು ಸವರಿದಳು, ಒಂದಕ್ಕೆ ಜೆಲ್, ಇನ್ನೊಂದನ್ನು ಹಾಗೇ ಬಿಟ್ಟಳು. ಮರುದಿನ ನೋಡಿದರೆ ಬಿಳಿ ಮುಲಾಮಿನ ಚೂರು ಮಾತ್ರ ಬಣ್ಣ ಬಿಟ್ಟಿತ್ತು. ಮುಖಕ್ಕೆ ಹಚ್ಚಿದ್ದು ತೊಳೆದ ಮೇಲೂ ಉಗುರ ಸಂದಿಯಲ್ಲಿ ಉಳಿಯುತ್ತಿತ್ತು. ಕೆಲಸದ ನಡುವೆ ಗಲ್ಲ ಸವರಿಕೊಳ್ಳುವ ಅಭ್ಯಾಸವೂ ಅವಳಿಗಿತ್ತು. ಮೂರೂ ಚೂರುಗಳನ್ನು ತಂದು ಯಜಮಾನ್ತಿಯ ಮುಂದಿಟ್ಟಳು. ಯಜಮಾನ್ತಿ ಕೋಟಿನವರನ್ನು ಹೇಗೋ ಸಮಾಧಾನ ಮಾಡಿ ಕಳಿಸಿ, ಬಂದು ಹೇಳಿದ್ದು ಇಷ್ಟು: "ಆ ಬಿಳಿ ದರಿದ್ರ ಈ ಹೊಸಿಲು ದಾಟಬಾರದು. ದಾಟಿದ್ರೆ ಅದರ ಹಿಂದೇನೇ ನೀನೂ ದಾಟ್ತೀಯ, ಆಚೆಗೆ."

ಬಿಳಿ ಟ್ಯೂಬು ಅಂದೇ ಕಸದ ಬುಟ್ಟಿಗೆ ಹೋಯಿತು. ಜೆಲ್ ಉಳಿಯಿತು.

ಪರೀಕ್ಷೆಯಲ್ಲಿ ತಪ್ಪಿರಲಿಲ್ಲ. ಇಂದಿಗೂ ಯಾರು ಮಾಡಿದರೂ ಅದೇ ಉತ್ತರ ಬರುತ್ತದೆ. ಆದರೆ ಅದು ಬಟ್ಟೆಗೆ ಕೇಳಿದ ಪ್ರಶ್ನೆ. ಮುಖಕ್ಕೆ ಎರಡು ಟ್ಯೂಬು ಯಾಕೆ ಬೇಕಿತ್ತು ಎಂಬ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಜೆಲ್ ಒಂದರಲ್ಲೇ ಮೊಡವೆ ಇಳಿಯಿತು, ಮುಖ ತಿಳಿಯಾಯಿತು. ಇಳಿದ ಮೇಲೆ ಡಾಕ್ಟರ ಹತ್ತಿರ ಹೋಗುವವರು ಯಾರು?

ಆಮೇಲೆ ಮದುವೆ, ಮಗಳು, ಬೇರೆ ಮನೆ. ಗಂಡ ಲಿಫ್ಟ್ ರಿಪೇರಿ ಮಾಡುವವನು. ಜೀವಮಾನವೆಲ್ಲ ಮೇಲೆ ಕೆಳಗೆ ಓಡಾಡಿಯೂ ಇದ್ದಲ್ಲೇ ಇದ್ದೇನೆ ಎಂದು ತನ್ನನ್ನು ತಾನೇ ಗೇಲಿ ಮಾಡಿಕೊಳ್ಳುವ ಮನುಷ್ಯ. ಇಷ್ಟೆಲ್ಲ ಬದಲಾದರೂ ರಫೂ ಅಕ್ಕನ ಸೂಜಿಡಬ್ಬಿಯಲ್ಲಿ ಆ ಜೆಲ್ ಟ್ಯೂಬಿಗೆ ಒಂದು ಜಾಗ ಇದ್ದೇ ಇತ್ತು. ಗಲ್ಲದ ಮೇಲೆ ಒಂದು ಗುಳ್ಳೆ ಎದ್ದರೆ ಒಂದು ಚುಕ್ಕೆ ಹಚ್ಚುವುದು, ಅಡಗಿದರೆ ಮರೆಯುವುದು, ಮತ್ತೆ ಎದ್ದರೆ ಮತ್ತೆ ಹಚ್ಚುವುದು. ಔಷಧಿ ಅಂಗಡಿಯವನ ಹತ್ತಿರ ಡಾಕ್ಟರ ಚೀಟಿಯ ಮಾತೇ ಇರಲಿಲ್ಲ. "ಅದೇನಾ?" ಎಂದು ಅವನು ಕೇಳುತ್ತಿದ್ದ. "ಅದೇ" ಎಂದು ಅವಳು ಹೇಳುತ್ತಿದ್ದಳು. ವರ್ಷಗಟ್ಟಲೆ ಅವರಿಬ್ಬರ ನಡುವೆ ನಡೆದ ಸಂಭಾಷಣೆ ಇಷ್ಟೇ.

ಬರಬರುತ್ತ ಜೆಲ್ ನಿಧಾನವಾಯಿತು. ಮೊದಲು ಎರಡು ಮೂರು ದಿನಕ್ಕೆ ಇಳಿಯುತ್ತಿದ್ದದ್ದು ವಾರ ಹಿಡಿಯಿತು, ಆಮೇಲೆ ತಾನಾಗಿ ಇಳಿಯಿತೋ ಜೆಲ್ಲಿನಿಂದ ಇಳಿಯಿತೋ ಹೇಳಲಾಗದಂತಾಯಿತು.

"ಈಗಿನ ಕಂಪನಿಯವರು ನೀರು ಬೆರೆಸ್ತಾರೆ ಅನ್ಸುತ್ತೆ" ಎಂದಳು ಒಮ್ಮೆ.

"ನಮ್ಮ ಮದುವೆಗಿಂತ ಹಳೇದು ಕಣೆ ನಿನ್ನ ಟ್ಯೂಬು. ನನಗಿಂತ ಅದನ್ನೇ ಜಾಸ್ತಿ ನಂಬ್ತೀಯ" ಎಂದ ಗಂಡ.

"ಅದು ಎದುರು ಮಾತಾಡಲ್ಲ."

ಅಷ್ಟು ಹೊತ್ತಿಗೆ ಅದು ಎದುರು ಮಾತಾಡಲು ಶುರುಮಾಡಿ ವರ್ಷಗಳೇ ಆಗಿದ್ದವು. ಇವಳಿಗೆ ಕೇಳಿಸಿರಲಿಲ್ಲ, ಅಷ್ಟೆ.

ಮಗಳಿಗೆ ಹದಿನೇಳು ತುಂಬಿದ ವರ್ಷ ಅವಳು ಒಂದು ಕನ್ನಡಕದ ಅಂಗಡಿಯಲ್ಲಿ ಕೆಲಸ ಕಲಿಯಲು ಸೇರಿದಳು. ಕನ್ನಡಕ ಕೂರಿಸುವುದು ಸುಲಭ ಎಂದುಕೊಂಡವರು ಅದನ್ನು ಮಾಡಿ ನೋಡಿಲ್ಲ. ಗಿರಾಕಿಯ ಎದುರಿಗೆ ಮೊಳದಷ್ಟು ದೂರದಲ್ಲಿ ಕೂತು, ಮೂಗಿನ ಸೇತುವೆ, ಕಿವಿಯ ಹಿಂದಿನ ತಿರುವು, ಎರಡು ಕಣ್ಣುಪಾಪೆಗಳ ನಡುವಿನ ಅಂತರ ಎಲ್ಲವನ್ನೂ ನೋಡಿ ಕಡ್ಡಿ ಬಗ್ಗಿಸಬೇಕು. ಅವಳಿಗೆ ಅದರಲ್ಲಿ ಎತ್ತಿದ ಕೈ ಎಂದು ಅಂಗಡಿಯವರೇ ಹೇಳುತ್ತಿದ್ದರು. ತೊಂದರೆ ಏನೆಂದರೆ ಆ ಅಂಗಡಿಯ ನಾಲ್ಕೂ ಗೋಡೆಗೆ ಕನ್ನಡಿ. ಮತ್ತು ಆ ವರ್ಷವೇ ಮಗಳ ಕೆನ್ನೆ, ದವಡೆಯ ಮೇಲೆ ಮೊಡವೆಗಳು ಎದ್ದವು. ಅವು ಅಮ್ಮನ ಗಲ್ಲದ ಗುಳ್ಳೆಯ ಜಾತಿಯವಲ್ಲ. ಒಳಗಿನಿಂದ ಗಂಟು ಕಟ್ಟಿಕೊಂಡು, ಕೆಂಪಗೆ, ಮುಟ್ಟಿದರೆ ಜೀವ ಹೋಗುವಷ್ಟು ನೋಯುವಂಥವು.

"ಇದಕ್ಕೆಲ್ಲ ತಲೆ ಕೆಡಿಸ್ಕೋಬೇಡ. ನನ್ನ ಹತ್ರ ಮದ್ದಿದೆ" ಎಂದಳು ತಾಯಿ. ಪ್ರತಿ ಸಂಜೆ ಮಗಳನ್ನು ಎದುರಿಗೆ ಕೂರಿಸಿಕೊಂಡು, ತನ್ನ ಬೆರಳಿನಿಂದಲೇ, ಎಳೆ ಕೂರಿಸುವಷ್ಟು ನಯವಾಗಿ ಜೆಲ್ ಹಚ್ಚಿದಳು.

ಒಂದು ತಿಂಗಳಾಯಿತು. ಎರಡಾಯಿತು.

"ಅಮ್ಮಾ, ಇದರಿಂದ ಏನೂ ಆಗ್ತಿಲ್ಲ. ಜಾಸ್ತೀನೇ ಆಗ್ತಿದೆ."

"ತಾಳ್ಮೆ ಬೇಕು ಕಣೆ. ನನಗೂ ಹೀಗೇ ಇತ್ತು. ಹೋಗ್ಲಿಲ್ವಾ?"

"ನಿನಗೆ ಹೋಗಿದ್ದು ನಿನ್ನ ಕಾಲದಲ್ಲಿ."

"ಅಬ್ಬಬ್ಬಾ, ನಾನೇನು ಬಂಡೆ ಮೇಲೆ ಬರೆಯೋ ಕಾಲದಲ್ಲಿ ಹುಟ್ಟಿದ್ನಾ? ಮುಖ ಈ ಕಡೆ ತಿರುಗಿಸು."

ನಾಲ್ಕನೆಯ ತಿಂಗಳಲ್ಲಿ ಒಂದು ದಿನ ಕನ್ನಡಕದ ಅಂಗಡಿಗೆ ಒಂದು ಪುಟ್ಟ ಹುಡುಗಿ ಬಂತು. ಮೊದಲ ಕನ್ನಡಕ. ಕಡ್ಡಿ ಸರಿಮಾಡಿ ಮೂಗಿನ ಮೇಲೆ ಕೂರಿಸಿದ ಕೂಡಲೇ ಆ ಮಗುವಿಗೆ ಎದುರಿಗಿದ್ದ ಮುಖ ಸ್ಪಷ್ಟವಾಗಿ ಕಂಡಿತು. "ಅಕ್ಕಾ, ನಿಂಗೆ ತುಂಬಾ ನೋಯ್ತಿದ್ಯಾ?" ಎಂದು ಕೇಳಿತು. ಕೊಂಕಿರಲಿಲ್ಲ, ಕನಿಕರವೇ. ಮಗಳು ನಕ್ಕು, ಕಡ್ಡಿಯನ್ನು ಇನ್ನೊಮ್ಮೆ ನೋಡಿ, ಮಗುವನ್ನು ಕಳಿಸಿಕೊಟ್ಟಳು. ಮರುದಿನದಿಂದ ಅಂಗಡಿಗೆ ಹೋಗಲಿಲ್ಲ. ಅಂಗಡಿಯವರು ಒಳ್ಳೆಯವರು; ಕೆಲಸ ಕಲಿಯುವವರ ಹೊಸ ತಂಡ ಸೇರುವವರೆಗೆ ಅವಳ ಜಾಗ ಹಾಗೇ ಇರುತ್ತದೆ, ಆಮೇಲೆ ಆಗುವುದಿಲ್ಲ ಎಂದು ಹೇಳಿ ಕಳಿಸಿದರು.

ಆ ವಾರದ ಒಂದು ಸಂಜೆ ಜೆಲ್ ಹಚ್ಚುತ್ತಿದ್ದಾಗ ರಫೂ ಅಕ್ಕನ ಬೆರಳು ಮಗಳ ಎಡಗೆನ್ನೆಯ ಮೇಲೆ ಒಂದು ಕಡೆ ಇಳಿಯಿತು. ಕಣ್ಣಿಗೆ ಅಲ್ಲಿ ಕೆಂಪು ಕಲೆಯಷ್ಟೇ ಕಾಣುತ್ತಿತ್ತು. ಬೆರಳು ಮಾತ್ರ ಗುಳಿ ಎಂದಿತು. ಪಕ್ಕದಲ್ಲಿ ಇನ್ನೊಂದು. ಬಟ್ಟೆಯಾದರೆ ಒಳಮಡಿಕೆಯಿಂದ ಎಳೆ ತೆಗೆದು ತುಂಬಬಹುದಿತ್ತು. ಚರ್ಮಕ್ಕೆ ಒಳಮಡಿಕೆ ಇಲ್ಲ. ಈ ಕೆನ್ನೆ ಹೀಗೇ ಒಂದೊಂದಾಗಿ ಗುಳಿ ಬೀಳುತ್ತ ಹೋದರೆ ಏನು ಗತಿ ಎಂದು ಅವಳಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

"ನಾಳೆ ಡಾಕ್ಟರ ಹತ್ರ ಹೋಗೋಣ" ಎಂದಳು.

"ಈಗ ನೆನಪಾಯ್ತಾ?" ಎಂದಳು ಮಗಳು.

ದೊಡ್ಡಾಸ್ಪತ್ರೆಯ ಚರ್ಮ ವಿಭಾಗದ ಡಾಕ್ಟರು ಚಿಕ್ಕ ವಯಸ್ಸಿನವಳು. ಅವಳ ಹಣೆಯ ಮೇಲೆಯೇ ಎರಡು ಮೊಡವೆ. ರಫೂ ಅಕ್ಕನ ಗಂಡನೂ ಜೊತೆಗೆ ಬಂದಿದ್ದ. ಅದನ್ನು ನೋಡಿ ಹೆಂಡತಿಯ ಕಿವಿಯಲ್ಲಿ, "ಬಟ್ಟಂಗಡಿಯವರು ಹರಿದ ಅಂಗಿ ಹಾಕ್ಕೊಂಡ ಹಾಗಿದೆ" ಎಂದ. ಅವಳು ಮೊಣಕೈಯಿಂದ ತಿವಿದಳು.

ಡಾಕ್ಟರು ಮಗಳ ಮುಖವನ್ನು ದೀಪದಡಿಯಲ್ಲಿ ನೋಡಿ, "ಇದಕ್ಕೆ ಮುಂಚೆ ಏನು ಹಚ್ಚಿದ್ರಿ?" ಎಂದು ಕೇಳಿದಳು. ರಫೂ ಅಕ್ಕ ಚೀಲದಿಂದ ಟ್ಯೂಬು ತೆಗೆದು ಕೊಟ್ಟಳು.

"ಇದೊಂದೇನಾ? ಜೊತೆಗೆ ಬೇರೆ ಏನೂ ಇಲ್ವಾ?"

"ಇದೊಂದೇ. ನಾನು ಹಚ್ಕೊಳ್ಳೋದೂ ಇದನ್ನೇ."

"ನೀವಾ? ಎಷ್ಟು ವರ್ಷದಿಂದ?"

ರಫೂ ಅಕ್ಕ ಗಂಡನ ಮುಖ ನೋಡಿದಳು. "ಮದುವೆಗಿಂತ ಹಳೇದು" ಎಂದ ಅವನು. ಈ ಸಲ ಅದು ತಮಾಷೆಯಂತೆ ಕೇಳಲಿಲ್ಲ.

ಡಾಕ್ಟರು ಟ್ಯೂಬಿನ ಮೇಲಿದ್ದ ಹೆಸರು ಓದಿದಳು. ಆಮೇಲೆ, ಸಾಮಾನ್ಯವಾಗಿ ಮೊಡವೆಗೆ ಈ ಪರೀಕ್ಷೆ ಮಾಡುವುದಿಲ್ಲ, ಆದರೆ ಇಲ್ಲಿ ಇದೇ ವಿಷಯದ ಅಧ್ಯಯನ ನಡೆಯುತ್ತಿದೆ, ನೀವು ಒಪ್ಪಿದರೆ ಇಬ್ಬರ ಚರ್ಮದಿಂದಲೂ ಬ್ಯಾಕ್ಟೀರಿಯಾ ತೆಗೆದು ಬೆಳೆಸಿ ನೋಡುತ್ತೇವೆ ಎಂದಳು. ಇಬ್ಬರೂ ಒಪ್ಪಿದರು. ಹತ್ತಿಕಡ್ಡಿಯಿಂದ ಮಗಳ ಕೆನ್ನೆ ಸವರಿದರು, ತಾಯಿಯ ಗಲ್ಲ ಸವರಿದರು. ಮೊಡವೆಯ ಬ್ಯಾಕ್ಟೀರಿಯಾ ಚರ್ಮದ ರಂಧ್ರಗಳ ಆಳದಲ್ಲಿ, ಗಾಳಿ ಹೋಗದ ಕಡೆ, ಅಲ್ಲಿನ ಜಿಡ್ಡನ್ನೇ ತಿಂದು ಬದುಕುವಂಥದು. ಅದನ್ನು ಗಾಳಿಯಿಲ್ಲದ ಡಬ್ಬಿಯಲ್ಲಿಟ್ಟೇ ಬೆಳೆಸಬೇಕು, ಅದೂ ಬೆಳೆಯುವುದು ನಿಧಾನ. "ಮುಂದಿನ ವಾರ ಬನ್ನಿ. ಅಲ್ಲೀವರೆಗೆ ಆ ಟ್ಯೂಬು ಮುಟ್ಟಬೇಡಿ" ಎಂದಳು ಡಾಕ್ಟರು.

ಮುಂದಿನ ವಾರ ಪ್ರಯೋಗಾಲಯದ ಮೇಜಿನ ಮೇಲೆ ಮೂರು ಗಾಜಿನ ತಟ್ಟೆಗಳಿದ್ದವು. ತಟ್ಟೆಯ ತುಂಬ ಹಾಲು ಚೆಲ್ಲಿ ಒಣಗಿದಂತೆ ತೆಳುವಾದ ಬಿಳಿ ಪದರ. ಅದೇ ಬೆಳೆದ ಬ್ಯಾಕ್ಟೀರಿಯಾ. ಪದರದ ಮೇಲೆ ಅಲ್ಲಲ್ಲಿ ಅಂಗಿಯ ಗುಂಡಿಯಷ್ಟು ದೊಡ್ಡ ಕಾಗದದ ಬಿಲ್ಲೆಗಳು. ಒಂದೊಂದು ಬಿಲ್ಲೆಯಲ್ಲೂ ಒಂದೊಂದು ಔಷಧಿ. ಡಾಕ್ಟರು ಮೊದಲ ತಟ್ಟೆ ತೋರಿಸಿದಳು. "ಇದು ಬೇರೆ ಯಾರದೋ. ನೋಡಿ, ನಿಮ್ಮ ಜೆಲ್ಲಿನ ಔಷಧಿ ಇರೋ ಬಿಲ್ಲೆ ಇದು. ಸುತ್ತ ಖಾಲಿ ಉಂಗುರ ಕಾಣುತ್ತಲ್ಲ? ಅಷ್ಟು ದೂರ ಔಷಧಿ ಇವನ್ನ ಸಾಯಿಸಿದೆ." ಆಮೇಲೆ ಉಳಿದೆರಡನ್ನು ಮುಂದಕ್ಕೆ ತಳ್ಳಿದಳು. "ಇದು ಮಗಳದು. ಇದು ನಿಮ್ಮದು."

ರಫೂ ಅಕ್ಕ ಬಗ್ಗಿದಳು. ಜೆಲ್ಲಿನ ಬಿಲ್ಲೆಯ ಅಂಚಿನವರೆಗೂ ಬಿಳಿ ಪದರ ಒತ್ತಾಗಿ, ಒಂದು ಎಳೆಯೂ ತಪ್ಪದ ಬಟ್ಟೆಯಂತೆ ಬೆಳೆದುಕೊಂಡಿತ್ತು. ಎರಡೂ ತಟ್ಟೆಯಲ್ಲಿ ಹಾಗೆಯೇ. ಜೀವನವಿಡೀ ತೂತು ಮುಚ್ಚಿದ ಅವಳು ಅಲ್ಲಿ ಒಂದು ತೂತಿಗಾಗಿ ಹುಡುಕಿದಳು.

"ಇಲ್ಲವೇ ಇಲ್ಲ" ಎಂದಳು.

"ಇಲ್ಲ" ಎಂದಳು ಡಾಕ್ಟರು. "ಕೋಟ್ಯಂತರ ಬ್ಯಾಕ್ಟೀರಿಯಾದಲ್ಲಿ ಕೆಲವು ಹುಟ್ಟಾ ಮೊಂಡು. ಈ ಔಷಧಿಗೆ ಸಾಯಲ್ಲ. ಔಷಧಿ ಹಚ್ಚಿದಾಗೆಲ್ಲ ಸಾಧು ಇದ್ದವು ಸತ್ತು, ಮೊಂಡು ಉಳಿಯುತ್ತೆ. ಖಾಲಿಯಾದ ಜಾಗದಲ್ಲಿ ಅದರ ಸಂತಾನಾನೇ ಬೆಳೆಯುತ್ತೆ. ವರ್ಷಗಟ್ಟಲೆ ಹೀಗೆ ಜರಡಿ ಹಿಡಿದ್ರೆ ಕೊನೆಗೆ ಬರೀ ಮೊಂಡೇ. ಅದಕ್ಕೇ ಜೊತೆಗೆ ಬಿಳಿ ಮುಲಾಮು ಕೊಡೋದು. ಅದು ಮೊಂಡು, ಸಾಧು ಅಂತ ನೋಡಲ್ಲ, ಎಲ್ಲವನ್ನೂ ಸುಡುತ್ತೆ. ಅದನ್ನು ತಡ್ಕೊಳ್ಳೋದನ್ನ ಇವು ಇನ್ನೂ ಕಲಿತಿಲ್ಲ."

"ನಾನು ಹಚ್ಚಿದ್ದು ನಾಲ್ಕೇ ತಿಂಗಳು" ಎಂದಳು ಮಗಳು. ಅವಳ ದನಿ ಸಣ್ಣಗಾಗಿತ್ತು. "ನನ್ನದೂ ಹೇಗೆ ಹೀಗಾಯ್ತು?"

ಡಾಕ್ಟರು ಇಬ್ಬರ ತಟ್ಟೆಗಳನ್ನೂ ಪಕ್ಕಪಕ್ಕಕ್ಕೆ ಸರಿಸಿದಳು. "ಒಂದೇ ಮನೇಲಿರೋರ ಚರ್ಮದ ಮೇಲೆ ಒಂದೇ ತರದವು ಇರೋದು ಮಾಮೂಲು. ಮುದ್ದಾಡ್ತೀವಿ, ಒಂದೇ ಟವೆಲ್ಲು, ಒಂದೇ ದಿಂಬು. ನೀವು ಎಳೆಮಗು ಆಗಿದ್ದಾಗಲೇ ಬಂದಿರಬಹುದು. ನಿಮ್ಮಮ್ಮನಿಂದಲೇ ಅಂತ ಈ ತಟ್ಟೆ ನೋಡಿ ಆಣೆ ಮಾಡಕ್ಕಾಗಲ್ಲ. ಹೆಚ್ಚಿನ ಪಕ್ಷ ಹೌದು, ಅಷ್ಟೆ. ನಮ್ಮಂಥ ಡಾಕ್ಟರ ಮುಖದ ಮೇಲೂ ಇಂಥವು ಸಿಕ್ಕಿವೆ, ದಿನಾ ಇದೇ ಮುಖಗಳನ್ನ ಮುಟ್ತೀವಲ್ಲ."

"ಹಾಗಾದ್ರೆ ಮೊಡವೆ ನನ್ನಿಂದಲೇ ಬಂತು" ಎಂದಳು ರಫೂ ಅಕ್ಕ.

"ಅಲ್ಲ. ಮೊಡವೆ ವಯಸ್ಸಿಂದ ಬಂತು, ಚರ್ಮದ ಜಿಡ್ಡಿಂದ ಬಂತು. ಅದು ನೀವು ಇಲ್ಲದಿದ್ರೂ ಬರ್ತಿತ್ತು. ಇವಕ್ಕೆ ಔಷಧಿಯ ಮಾತು ಕೇಳದ ಬುದ್ಧಿ ಬಂತಲ್ಲ, ಅದು ಮಾತ್ರ ನಿಮ್ಮನೇಲಿ ಬೆಳೆದದ್ದು."

ಮಗಳಿಗೆ ಡಾಕ್ಟರು ಬರೆದುಕೊಟ್ಟದ್ದು ಬಿಳಿ ಮುಲಾಮು, ಅದರ ಜೊತೆಗೆ ರಂಧ್ರ ಕಟ್ಟಿಕೊಳ್ಳದಂತೆ ತಡೆಯುವ ಇನ್ನೊಂದು. ಎರಡೂ ಆಂಟಿಬಯೋಟಿಕ್ ಅಲ್ಲ. ಎರಡು ಮೂರು ತಿಂಗಳಿಗೂ ಬಗ್ಗದಿದ್ದರೆ ಮಾತ್ರೆಯ ದಾರಿ ಇದೆ ಎಂದಳು. ರಫೂ ಅಕ್ಕನಿಗೂ ಗಲ್ಲದ ಗುಳ್ಳೆಗೆ ಅದೇ ಬಿಳಿ ಮುಲಾಮು. ಅವಳದು ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು ತೊಳೆದುಬಿಡುವ ಬಗೆಯದು. ಬಿದ್ದ ಗುಳಿಗಳ ಬಗ್ಗೆ ರಫೂ ಅಕ್ಕ ಕೇಳಿದಳು. "ಬಿದ್ದಿರೋದು ಬಹುಪಾಲು ಹಾಗೇ ಉಳಿಯುತ್ತೆ. ಹೊಸದು ಬೀಳದ ಹಾಗೆ ನೋಡೋಣ" ಎಂದಳು ಡಾಕ್ಟರು.

ಮನೆಗೆ ಬಂದ ಮೇಲೆ ಮಗಳು ಚಪ್ಪಲಿ ಬಿಡುತ್ತ, "ಎರಡನೇ ತಿಂಗಳಲ್ಲೇ ಹೇಳಿದ್ದೆ" ಎಂದಳು.

"ಹೇಳಿದ್ದೆ."

"ಇದರಿಂದ ಏನೂ ಆಗ್ತಿಲ್ಲ ಅಂತ ಹೇಳಿದ್ದೆ, ನೀನು ತಾಳ್ಮೆ ಅಂದೆ."

"ಅಂದೆ ಕಣೆ. ತಪ್ಪು ನನ್ನದೇ."

ಮಗಳು ಜಗಳಕ್ಕೆ ಸಿದ್ಧವಾಗಿ ಬಂದಿದ್ದಳು. ಎದುರಿಗಿದ್ದವಳು ಹೀಗೆ ಒಪ್ಪಿಕೊಂಡರೆ ಜಗಳ ಮುಂದೆ ಹೋಗುವುದು ಕಷ್ಟ. ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಗಂಡ ತಮಾಷೆ ಮಾಡಲು ಬಾಯಿ ತೆರೆದವನು ಹೆಂಡತಿಯ ಮುಖ ನೋಡಿ ಚಹಾಕ್ಕೆ ನೀರಿಟ್ಟ.

ಇನ್ನು ಉಳಿದದ್ದು ಯಜಮಾನ್ತಿ. ಮುಚ್ಚಿಟ್ಟು ಹಚ್ಚಿಕೊಳ್ಳಬಹುದಿತ್ತು. ಆದರೆ ಮತ್ತೊಂದು ಕೋಟು ಹಾಳಾದರೆ ಅಂಗಡಿಯ ಮಾನ ಹೋಗುತ್ತದೆ, ಅದರ ಜೊತೆ ತನ್ನ ಕೆಲಸವೂ. ರಫೂ ಅಕ್ಕ ಬೆಳಗ್ಗೆ ಹೋಗಿ ಎಲ್ಲವನ್ನೂ ಹೇಳಿದಳು. ಯಜಮಾನ್ತಿಗೆ ಈಗ ವಯಸ್ಸಾಗಿತ್ತು, ಕಿವಿ ಮಂದವಾಗಿತ್ತು, ನಾಲಿಗೆ ಹಾಗೇ ಇತ್ತು.

"ಬಿಳೀದಾ? ಅದೇ ಬಿಳೀದಾ?"

"ಅದೇ."

"ಇಷ್ಟು ವರ್ಷ ಅದಿಲ್ಲದೆ ಬದುಕ್ಲಿಲ್ವಾ ನೀನು?"

"ಬದುಕಿದೆ. ಅದರ ಫಲ ಮಗಳ ಮುಖದ ಮೇಲಿದೆ."

 ಯಜಮಾನ್ತಿ ಆ ಮಗಳನ್ನು ಕೂಸಾಗಿದ್ದಾಗಿನಿಂದ ನೋಡಿದವಳು. ಅಂಗಡಿಯ ಬಟ್ಟೆ ಬುಟ್ಟಿಯಲ್ಲೇ ಮಲಗಿಸಿದ್ದುಂಟು. ಎದ್ದು ಹೋಗಿ ಒಂದು ಕಪ್ಪು ಬಟ್ಟೆಯ ಪಟ್ಟಿ ಕತ್ತರಿಸಿ ತಂದು ಬಾಗಿಲ ಪಕ್ಕದ ಮೊಳೆಗೆ ಸಿಕ್ಕಿಸಿದಳು. "ದಿನಾ ಬಂದ ಕೂಡಲೇ ಇದಕ್ಕೆ ಕೈ ಒರೆಸು, ಗಲ್ಲ ಒರೆಸು. ಮೇಲೆ ಬಿಸಿ ಇಸ್ತ್ರಿ ಇಡು, ಬಣ್ಣ ಬಿಡೋದಿದ್ರೆ ಆಗಲೇ ಬಿಡುತ್ತೆ. ಆಮೇಲೆ ಸೂಜಿ ಮುಟ್ಟು. ಪಟ್ಟಿ ಕಪ್ಪಗಿರೋವರೆಗೆ ನೀನಿಲ್ಲಿ. ಬಣ್ಣ ಬಿಟ್ರೆ ಆವತ್ತು ಬೇರೆ ಕೆಲಸ, ಗುಂಡಿ ಹಾಕು."

ಮೊದಲ ಕೆಲವು ದಿನ ಪಟ್ಟಿ ಕಪ್ಪಗೇ ಇತ್ತು. ಮುಲಾಮನ್ನು ತನ್ನ ಬೆರಳಿಂದ ಮುಟ್ಟಬಾರದೆಂದು ರಫೂ ಅಕ್ಕ ಚಮಚದ ಹಿಂಬದಿಯಿಂದ ಹಚ್ಚಿಕೊಳ್ಳುತ್ತಿದ್ದಳು. ಅರ್ಧ ಗಲ್ಲಕ್ಕೆ, ಅರ್ಧ ಕುತ್ತಿಗೆಗೆ. ಒಂದು ಬೆಳಗ್ಗೆ ಪಟ್ಟಿಯ ಮೇಲೆ ಎರಡು ಬೆರಳಗಲದ ಕಿತ್ತಳೆ ನೆರಳು ಬಿತ್ತು. ಅವಳು ತನ್ನ ಗಲ್ಲ ಚೆನ್ನಾಗಿ ತೊಳೆದಿದ್ದಳು, ಅದರಲ್ಲಿ ಅನುಮಾನವಿರಲಿಲ್ಲ. ಗುಂಡಿ ಹಾಕುತ್ತ ಕೂತು ಬೆಳಗಿನಿಂದ ಏನೇನು ಮುಟ್ಟಿದೆ ಎಂದು ಒಂದೊಂದಾಗಿ ನೆನಪು ಮಾಡಿಕೊಂಡಳು. ಹಾಸಿಗೆ ಬಿಟ್ಟೇಳದ ಮಗಳನ್ನು ಕೆನ್ನೆ ತಟ್ಟಿ ಎಬ್ಬಿಸಿದ್ದಳು. ಅವಳ ಮುಖಕ್ಕೆ ಹಚ್ಚಿದ್ದು ರಾತ್ರಿಯಿಡೀ ಉಳಿಯುವ ಮುಲಾಮು.

ಅಂದಿನಿಂದ ಮನೆಯಲ್ಲಿ ಕೆಲವು ಬದಲಾವಣೆಗಳಾದವು. ದಿಂಬಿನ ಚೀಲ, ಟವೆಲ್ಲು, ಹೊದಿಕೆ ಎಲ್ಲ ಬಿಳಿ. ಪ್ರತಿಯೊಬ್ಬರಿಗೂ ಬೇರೆ ಬೇರೆ. "ಇದೇನು ಮನೆಯೋ ಆಸ್ಪತ್ರೆಯೋ" ಎಂದ ಗಂಡ. ಅವನ ಕಂದು ಟವೆಲ್ಲು ಆಗಲೇ ಚಿರತೆಯಂತಾಗಿತ್ತು. ಮಗಳನ್ನು ಬೆಳಗ್ಗೆ ಎಬ್ಬಿಸುವುದು ಅವನ ಪಾಲಿಗೆ ಬಂತು. ತಾಯಿ ಮಗಳ ಕೆನ್ನೆ ಮುಟ್ಟುವಂತಿಲ್ಲ. ಇದು ಹೇಳುವಷ್ಟು ಸುಲಭವಿರಲಿಲ್ಲ. ಹಾದುಹೋಗುವಾಗ ಕೈ ತಾನಾಗಿ ಮೇಲೇಳುತ್ತಿತ್ತು, ಅರ್ಧ ದಾರಿಯಲ್ಲಿ ನೆನಪಾಗಿ ಹೆಗಲಿಗೆ ಇಳಿಯುತ್ತಿತ್ತು.

ಒಂದು ಸಂಜೆ ರಫೂ ಅಕ್ಕ ಚಮಚ ಹಿಡಿದು ಕನ್ನಡಿಯ ಮುಂದೆ ಪೇಚಾಡುತ್ತಿದ್ದಾಗ ಮಗಳು ಬಂದು ಚಮಚ ಕಸಿದುಕೊಂಡಳು.

"ಕೂತ್ಕೋ. ಮುಖ ಈ ಕಡೆ ತಿರುಗಿಸು."

"ನಿನಗ್ಯಾಕೆ ತೊಂದರೆ..."

"ತಾಳ್ಮೆ ಬೇಕಮ್ಮ" ಎಂದಳು ಮಗಳು. ನಗಲಿಲ್ಲ. ಆದರೆ ಬೆರಳು ನಯವಾಗಿತ್ತು. ಅಂದಿನಿಂದ ದಿನಾ ಸಂಜೆ ತಾಯಿಯ ಗಲ್ಲಕ್ಕೆ ಅವಳೇ ಹಚ್ಚಿದಳು. ಹಚ್ಚಿ ತೊಳೆಯುವವರೆಗಿನ ಆ ಸ್ವಲ್ಪ ಹೊತ್ತು ಇಬ್ಬರೂ ಎದುರುಬದುರು ಕೂತಿರಬೇಕಾಗುತ್ತಿತ್ತು.  ರಫೂ ಅಕ್ಕ ಮಗಳ ಮುಖ ನೋಡುತ್ತ ಕೂರುತ್ತಿದ್ದಳು. ಮೊದಲ ವಾರಗಳಲ್ಲಿ ಚರ್ಮ ಒಣಗಿ ಸಿಪ್ಪೆ ಎದ್ದಿತು, ಉರಿಯಿತು. ಇದು ಕೂಡ ಕೈಕೊಟ್ಟಿತು ಎಂದು ಮಗಳು ಅತ್ತದ್ದೂ ಉಂಟು. ಹಾಗಾಗುತ್ತದೆ, ದಿನ ಬಿಟ್ಟು ದಿನ ಹಚ್ಚಿ ಎಂದರು ಆಸ್ಪತ್ರೆಯವರು. ಈ ಸಲ ತಾಯಿ ತಾಳ್ಮೆಯ ಮಾತು ಎತ್ತಲಿಲ್ಲ. ಹೇಳಿದ ದಿನಕ್ಕೆ ಸರಿಯಾಗಿ ಕರೆದುಕೊಂಡು ಹೋಗಿ ತೋರಿಸಿದಳು. ಎರಡನೆಯ ತಿಂಗಳ ಕೊನೆಗೆ ಗಂಟುಗಳು ಕಡಿಮೆಯಾದವು. ಆಮೇಲೆ ಹೊಸದು ಏಳುವುದು ಅಪರೂಪವಾಯಿತು. ಮಗಳ ಹಣೆಯ ಅಂಚಿನ ಕೂದಲು ಮಾತ್ರ ಮುಲಾಮು ತಾಗಿ ಕೆಂಚಗಾಗಿತ್ತು. "ಬಿಟ್ಟಿ ಬಣ್ಣ" ಎಂದ ಅಪ್ಪ.

ಔಷಧಿ ಅಂಗಡಿಯವನು ಒಂದು ದಿನ ರಫೂ ಅಕ್ಕನನ್ನು ಕಂಡು ಅಭ್ಯಾಸಬಲದಿಂದ ಕೈ ಕಪಾಟಿಗೆ ಹಾಕಿ, "ಅದೇನಾ?" ಎಂದ.

"ಅಲ್ಲ. ಡಾಕ್ಟರ ಚೀಟಿ ಇಲ್ಲದೆ ಅದನ್ನ ಇನ್ನು ಯಾರಿಗೂ ಕೊಡಬೇಡಪ್ಪ" ಎಂದಳು ಅವಳು. ಅವನು ಆಗಲಿ ಎಂದ. ಅವಳ ಹಿಂದೆ ನಿಂತಿದ್ದವನು ಬೇರೆ ಏನನ್ನೋ ಚೀಟಿ ಇಲ್ಲದೆಯೇ ಕೇಳಿದ. ಅದನ್ನು ಅಂಗಡಿಯವನು ಕೊಟ್ಟ. ರಫೂ ಅಕ್ಕ ಅದನ್ನು ನೋಡಿ ಮನೆಗೆ ಬಂದಳು.

ಹೊಸ ತಂಡ ಸೇರುವ ಮುಂಚಿನ ವಾರ ಮಗಳು ಕನ್ನಡಕದ ಅಂಗಡಿಗೆ ಹೋದಳು. ಹೋಗುವಾಗ ಕುತ್ತಿಗೆಗೆ ಸ್ಕಾರ್ಫ್ ಸುತ್ತಿಕೊಂಡು ಹೋದವಳು ಬರುವಾಗ ಅದನ್ನು ಚೀಲಕ್ಕೆ ಹಾಕಿಕೊಂಡು ಬಂದಿದ್ದಳು. ಸೆಕೆಗೋ ಬೇರೆ ಕಾರಣಕ್ಕೋ ಯಾರೂ ಕೇಳಲಿಲ್ಲ.

ರಫೂ ಅಕ್ಕನಿಗೆ ಆ ಹೊತ್ತಿಗೆ ಹತ್ತಿರದ ಎಳೆ ಮಸುಕಾಗತೊಡಗಿತ್ತು. ಒಂದು ಶನಿವಾರ ಮಧ್ಯಾಹ್ನ ಅವಳು ಮಗಳ ಅಂಗಡಿಗೆ ಹೋಗಿ ಗಿರಾಕಿಯ ಕುರ್ಚಿಯಲ್ಲಿ ಕೂತಳು. ಮಗಳು ಎದುರಿಗೆ ಸ್ಟೂಲು ಎಳೆದುಕೊಂಡಳು. ಅಂಗಡಿಯ ದೀಪ ಜೋರು. ಮನೆಯ ಮಂದ ಬಲ್ಬಿನಲ್ಲಿ ಕಾಣದ್ದೆಲ್ಲ ಇಲ್ಲಿ ಕಾಣುತ್ತಿತ್ತು. ಮಗಳು ಹೊಸ ಕನ್ನಡಕವನ್ನು ತಾಯಿಯ ಮೂಗಿನ ಮೇಲಿಟ್ಟು, ಕಡ್ಡಿಯನ್ನು ಕಿವಿಯ ಹಿಂದೆ ಕೂರಿಸಿದಳು. ಮಸುಕು ಸರಿದು ಎದುರಿನ ಎಡಗೆನ್ನೆ ನೆಟ್ಟಗೆ ನಿಂತಿತು. ಅಲ್ಲಿ ಬೆರಳಿಗೆ ಸಿಕ್ಕಿದ್ದ ಆ ಎರಡು ಗುಳಿಗಳಿದ್ದವು. ರಫೂ ಅಕ್ಕ ದವಡೆಯ ಉದ್ದಕ್ಕೂ, ಗಲ್ಲದವರೆಗೂ, ಬಟ್ಟೆ ನೋಡುವಂತೆ ನೋಡಿದಳು. ಮೂರನೆಯದು ಇರಲಿಲ್ಲ.

"ಏನು ಹಾಗೆ ನೋಡ್ತೀಯ?" ಎಂದಳು ಮಗಳು. "ಕಾಣುತ್ತಾ ಇಲ್ವಾ, ಅಷ್ಟು ಹೇಳು."

"ಕಾಣುತ್ತೆ."

"ಅವು ಎರಡೂನಾ?"

 ತಾಯಿಗೆ ಸುಳ್ಳು ಹೇಳುವುದು ಸುಲಭವಿತ್ತು. "ಹ್ಞೂಂ, ಎರಡೂ."

"ನನಗೂ ಕಾಣುತ್ತೆ. ಇಲ್ಲಿ ಇರೋದೇ ಕನ್ನಡಿ" ಎಂದಳು ಮಗಳು. ಕಡ್ಡಿಯ ತುದಿಯನ್ನು ಬಿಸಿಗಾಳಿಗೆ ಹಿಡಿದು, ಒಂದಿಷ್ಟೇ ಇಷ್ಟು ಬಗ್ಗಿಸಿ, ಮತ್ತೆ ಕೂರಿಸಿದಳು. "ಎಡಗಡೆ ಒತ್ತುತ್ತಾ?"

"ಸ್ವಲ್ಪ."

"ತೆಗಿ, ಸರಿಮಾಡ್ತೀನಿ. ಹೊರಗೆ ಇನ್ನಿಬ್ಬರು ಕಾಯ್ತಿದಾರೆ."